ನೋಡದೆ ಓದುವ ಫಲಕ

ಪೋರ್ಶೆ 911 ಕಾರಿನಲ್ಲಿ ಚಾಲಕನ ಎದುರಿಗೆ ಐದು ದುಂಡು ಡಯಲ್‌ಗಳನ್ನು ಸಾಲಾಗಿ ಜೋಡಿಸುವ ಪದ್ಧತಿ 1960ರ ದಶಕದ್ದು. ಐದರಲ್ಲಿ ದೊಡ್ಡದು ನಡುವಿನದು. ಹೊಸಬರು ಅದನ್ನು ಸ್ಪೀಡೋಮೀಟರ್ ಎಂದುಕೊಳ್ಳುವುದು ಸಹಜ, ಆದರೆ ಅದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಆರ್‌ಪಿಎಂ ಮೀಟರ್. ವೇಗದ ಡಯಲ್ ಅದರ ಪಕ್ಕಕ್ಕೆ ಸರಿದು ಕೂತಿದೆ. ವೇಗಕ್ಕೆಂದೇ ಕಟ್ಟಿದ ಕಾರಿನಲ್ಲಿ ವೇಗಕ್ಕೆ ಮೊದಲ ಮಣೆ ಸಿಕ್ಕಿಲ್ಲ. ಇದನ್ನು ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರೇಸ್ ಟ್ರ್ಯಾಕಿನ ತಿರುವಿಗೆ ಬಂದ ಚಾಲಕನಿಗೆ ತಾನು ಗಂಟೆಗೆ 132 ಕಿಲೋಮೀಟರ್ ವೇಗದಲ್ಲಿದ್ದೇನೋ 135ರಲ್ಲಿದ್ದೇನೋ ಎಂಬುದರಿಂದ ಯಾವ ಪ್ರಯೋಜನವೂ ಇಲ್ಲ. ಟೈರುಗಳ ಹಿಡಿತ ಎಷ್ಟು ಉಳಿದಿದೆ, ಎಂಜಿನ್ನಿನಲ್ಲಿ ಇನ್ನೆಷ್ಟು ಸುತ್ತು ಬಾಕಿಯಿದೆ, ಈ ಎರಡರ ಮೇಲೆ ಅವನ ಮುಂದಿನ ನಿರ್ಧಾರ ನಿಂತಿರುತ್ತದೆ. ಹಿಡಿತದ ಸುದ್ದಿ ಸ್ಟೀರಿಂಗ್ ಮತ್ತು ಸೀಟಿನ ಮೂಲಕ ಮೈಗೇ ಮುಟ್ಟುತ್ತದೆ. ಎಂಜಿನ್ನಿನದಕ್ಕೆ ಡಯಲ್ ಬೇಕು.

ಸ್ಪೀಡೋಮೀಟರ್ ಹಿಂದೆ ಸರಿಯಲು ಇನ್ನೊಂದು ಕಾರಣವನ್ನೂ ಸೇರಿಸಬಹುದು: ಅದು ಕಾನೂನಿನ ಒಪ್ಪಿಗೆ ಪಡೆದೇ ಸುಳ್ಳು ಹೇಳುವ ಮೀಟರು. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸುವುದಾದರೆ ನಿಜ ವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿಲೋಮೀಟರಿನಷ್ಟರವರೆಗೆ ತೋರಿಸಬಹುದು. ಅಂದರೆ ಕಾರು ಸರಿಯಾಗಿ ನೂರರಲ್ಲಿ ಓಡುತ್ತಿರುವಾಗ ಮುಳ್ಳು 114ರ ಮೇಲೆ ನಿಂತಿದ್ದರೂ ಅದು ನಿಯಮಬದ್ಧ. ಟೈರು ಸವೆದಂತೆ ಅದರ ಸುತ್ತಳತೆ ಕುಗ್ಗುತ್ತದೆ, ಗಾಳಿಯ ಒತ್ತಡ ಬದಲಾದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ತಯಾರಕರು ಮೊದಲೇ ಒಂದಿಷ್ಟು ಹೆಚ್ಚಿಗೆ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಟ್ಯಾಕೋಮೀಟರಿಗೆ ಈ ತಾಪತ್ರಯ ಇಲ್ಲ. ಕ್ರ್ಯಾಂಕ್‌ಶಾಫ್ಟ್ ಒಂದು ಸುತ್ತು ತಿರುಗಿದರೆ ಒಂದು ಸುತ್ತು. ಅಂದಾಜಿನ ಮಾತೇ ಇಲ್ಲ.

ಆ ಡಯಲಿನ ಕೊನೆಯಲ್ಲಿರುವ ಕೆಂಪು ಗೆರೆ ಏನನ್ನು ಕಾಯುತ್ತಿದೆ ಎಂದು ತಿಳಿಯಬೇಕಾದರೆ ಸ್ವಲ್ಪ ಗಣಿತ ಮಾಡಬೇಕು. ಪೋರ್ಶೆ 911 ಜಿಟಿ3ಯ ನಾಲ್ಕು ಲೀಟರ್ ಎಂಜಿನ್ 9,000 ಆರ್‌ಪಿಎಂವರೆಗೆ ಏರುತ್ತದೆ. ಅದರ ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಸಾಗುವ ದೂರ 81.5 ಮಿಲಿಮೀಟರ್. ನಿಮಿಷಕ್ಕೆ 9,000 ಎಂದರೆ ಸೆಕೆಂಡಿಗೆ 150 ಸುತ್ತು. ಸುತ್ತಿಗೆ ಎರಡು ಸಲದಂತೆ ಪಿಸ್ಟನ್ ಸೆಕೆಂಡಿಗೆ 300 ಸಲ ಈ ದೂರ ಕ್ರಮಿಸುತ್ತದೆ. ಸರಾಸರಿ ವೇಗ ಸೆಕೆಂಡಿಗೆ 24 ಮೀಟರಿಗೂ ಸ್ವಲ್ಪ ಹೆಚ್ಚು. ಇದೇನು ಮಹಾ ಎನ್ನಿಸಬಹುದು. ಆದರೆ ಪ್ರತಿ ಸಲವೂ ತುದಿಯಲ್ಲಿ ಪೂರ್ತಿ ನಿಂತು ಮತ್ತೆ ಹಿಂದಿರುಗಬೇಕಲ್ಲ, ಆ ತುದಿಯಲ್ಲಿ ಅದರ ಮೇಲೆ ಬೀಳುವ ವೇಗೋತ್ಕರ್ಷ ಭೂಮಿಯ ಗುರುತ್ವದ 4,000 ಪಟ್ಟನ್ನೂ ದಾಟುತ್ತದೆ. ಸುತ್ತು ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಅದಕ್ಕೇ ಕೆಂಪು ಗೆರೆಯ ಆಚೆಯ ಒಂದೊಂದು ನೂರು ಸುತ್ತೂ ಈಚೆಯ ನೂರಕ್ಕಿಂತ ದುಬಾರಿ. ಇನ್ನೊಂದೆಡೆ ಎಂಜಿನ್ನಿನ ಶಕ್ತಿ ಅಂದರೆ ತಿರುಚುಬಲ ಮತ್ತು ತಿರುಗುವ ವೇಗದ ಗುಣಲಬ್ಧ, ಹಾಗಾಗಿ ಇಂಥ ಎಂಜಿನ್ನಿನ ಹೆಚ್ಚಿನ ಶಕ್ತಿ ಅಡಗಿರುವುದೂ ಆ ಗೆರೆಯ ಹತ್ತಿರದಲ್ಲೇ. ಬೇಗ ಗೇರು ಬದಲಿಸಿದರೆ ಶಕ್ತಿ ಸೋರಿಹೋಗುತ್ತದೆ, ತಡ ಮಾಡಿದರೆ ಎಂಜಿನ್ನಿಗೆ ಪೆಟ್ಟು. ಈಗಿನ ಕಾರುಗಳಲ್ಲಿ ಗೆರೆ ದಾಟುವ ಮೊದಲೇ ಕಂಪ್ಯೂಟರ್ ಇಂಧನ ಕಡಿದುಹಾಕುತ್ತದೆ ನಿಜ. ಆದರೆ ಮೇಲಿನ ಗೇರಿನಿಂದ ತಪ್ಪಿ ತೀರ ಕೆಳಗಿನ ಗೇರಿಗೆ ಕ್ಲಚ್ ಬಿಟ್ಟ ಚಾಲಕನನ್ನು ಅದು ಉಳಿಸಲಾರದು, ಏಕೆಂದರೆ ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಪೆಟ್ರೋಲ್ ಅಲ್ಲ, ಚಕ್ರಗಳು.

ಹೀಗೆ ಅತಿ ಮುಖ್ಯವಾದ ಡಯಲನ್ನು ನಡುವೆ ಇಟ್ಟಾಯಿತು. ಆದರೂ ಚಾಲಕ ಅದನ್ನು ನೋಡುವುದಾದರೂ ಯಾವಾಗ? ಈ ಅಧ್ಯಾಯದ ವಾದ ಹುಟ್ಟುವುದು ಈ ಪ್ರಶ್ನೆಯಿಂದ. ನಮ್ಮ ಕಣ್ಣು ಸೂಕ್ಷ್ಮ ವಿವರಗಳನ್ನು ಓದಬಲ್ಲದ್ದು ರೆಟಿನಾದ ನಡುವಿನ ಒಂದು ಚಿಕ್ಕ ಕುಳಿಯಿಂದ ಮಾತ್ರ. ಅದರ ವ್ಯಾಪ್ತಿ ಸುಮಾರು ಎರಡು ಡಿಗ್ರಿ, ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು ಅಗಲ. ಉಳಿದ ನೋಟವೆಲ್ಲ ಮಸುಕು. ಅಲ್ಲಿ ಚಲನೆ ಗೊತ್ತಾಗುತ್ತದೆ, ಮಿನುಗು ಗೊತ್ತಾಗುತ್ತದೆ, ಅಂಕಿ ಗೊತ್ತಾಗುವುದಿಲ್ಲ. ಆದ್ದರಿಂದ ಯಾವುದೇ ಅಂಕಿ ಓದಬೇಕೆಂದರೆ ಕಣ್ಣು ರಸ್ತೆಯಿಂದ ಕೆಳಗಿಳಿಯಬೇಕು, ದೂರದಿಂದ ಹತ್ತಿರಕ್ಕೆ ಫೋಕಸ್ ಬದಲಿಸಬೇಕು, ಓದಬೇಕು, ಮತ್ತೆ ಮೇಲೇರಿ ದೂರಕ್ಕೆ ಹೊಂದಿಕೊಳ್ಳಬೇಕು. ವಯಸ್ಸಾದಂತೆ ಈ ಹೊಂದಾಣಿಕೆ ನಿಧಾನವಾಗುತ್ತದೆ. (ದುಬಾರಿ ಸ್ಪೋರ್ಟ್ಸ್ ಕಾರು ಕೊಳ್ಳುವಷ್ಟು ಹಣ ಕೈಗೆ ಬರುವ ಹೊತ್ತಿಗೆ ಬಹುಪಾಲು ಜನರಿಗೆ ಓದುವ ಕನ್ನಡಕವೂ ಬಂದಿರುತ್ತದೆ ಎಂಬುದು ಈ ಉದ್ಯಮದ ಒಂದು ತಮಾಷೆ.) ನೂರು ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಕಣ್ಣು ಕೆಳಗಿದ್ದರೆ ಕಾರು 55 ಮೀಟರ್ ದಾಟಿರುತ್ತದೆ, ಇನ್ನೂರರಲ್ಲಿ 111 ಮೀಟರ್. ಅಮೆರಿಕದಲ್ಲಿ ನೂರು ಕಾರುಗಳಿಗೆ ಕ್ಯಾಮೆರಾ ಅಳವಡಿಸಿ ನಿತ್ಯದ ಚಾಲನೆಯನ್ನು ದಾಖಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ, ಎರಡು ಸೆಕೆಂಡಿಗೂ ಮೀರಿ ಕಣ್ಣು ರಸ್ತೆಯಿಂದ ಆಚೆ ಇದ್ದಾಗ ಅಪಘಾತದ ಮತ್ತು ಕೂದಲೆಳೆಯಲ್ಲಿ ತಪ್ಪುವ ಅಪಘಾತದ ಅಪಾಯ ಕನಿಷ್ಠ ಎರಡು ಪಟ್ಟಾಗುತ್ತದೆ ಎಂದಿತು. ಆ ದೇಶದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ನೋಟಕ್ಕೆ ಎರಡು ಸೆಕೆಂಡ್, ಒಂದು ಕೆಲಸದ ಎಲ್ಲ ನೋಟಗಳೂ ಸೇರಿ ಹನ್ನೆರಡು ಸೆಕೆಂಡ್ ಎಂಬ ಮಿತಿ ಹಾಕಿದ್ದು ಇಂಥ ಪುರಾವೆಗಳ ಮೇಲೆ.

ಹಾಗಾದರೆ ಒಳ್ಳೆಯ ಡ್ಯಾಶ್‌ಬೋರ್ಡಿನ ಕೆಲಸ ಮಾಹಿತಿ ಕೊಡುವುದಲ್ಲ, ಮಾಹಿತಿಯನ್ನು ಪಡಿ ಅಳೆದಂತೆ ಹಂಚುವುದು. ಯಾವುದನ್ನು ತೋರಿಸಬೇಕು ಎಂಬುದಕ್ಕಿಂತ ಯಾವುದನ್ನು ತೋರಿಸದೆಯೂ ನಡೆಯುತ್ತದೆ, ಯಾವುದನ್ನು ಕಣ್ಣಿನ ಬದಲು ಕಿವಿಗೆ ಅಥವಾ ಬೆರಳಿಗೆ ಒಪ್ಪಿಸಬಹುದು ಎಂದು ತೀರ್ಮಾನಿಸುವುದೇ ಇಲ್ಲಿನ ವಿಜ್ಞಾನ. ಸ್ಪೋರ್ಟ್ಸ್ ಕಾರಿನ ಫಲಕದಲ್ಲಿ ಚೆನ್ನಾಗಿ ಕೆಲಸ ಮಾಡಿರುವುದೆಲ್ಲ ಈ ಜಿಪುಣತನದಿಂದ ಬಂದದ್ದು. ಕೆಟ್ಟಿರುವುದೆಲ್ಲ ಅದನ್ನು ಮರೆತದ್ದರಿಂದ ಎಂದು ನಾನು ವಾದಿಸುತ್ತೇನೆ.

ಹಳೆಯ ರೇಸ್ ಕಾರುಗಳ ಚಿತ್ರ ನೋಡಿದರೆ ಕೆಲವುಗಳಲ್ಲಿ ಟ್ಯಾಕೋಮೀಟರನ್ನು ವಾರೆಯಾಗಿ ತಿರುಗಿಸಿ ಕೂರಿಸಿರುವುದು ಕಾಣುತ್ತದೆ. ಅಂಕಿಗಳೆಲ್ಲ ಓರೆ. ಅದು ಮೆಕ್ಯಾನಿಕ್‌ನ ಅಸಡ್ಡೆಯಲ್ಲ. ಕೆಂಪು ಗೆರೆ ನೇರ ಮೇಲಕ್ಕೆ, ಗಡಿಯಾರದ ಹನ್ನೆರಡರ ಜಾಗಕ್ಕೆ ಬರಲಿ ಎಂದು ಬೇಕೆಂದೇ ಮಾಡಿದ್ದು. ಮುಳ್ಳು ನೆಟ್ಟಗಾದರೆ ಗೇರು ಬದಲಿಸು, ಅಷ್ಟೇ ಪಾಠ. ಅಂಕಿ ಓದುವ ಕೆಲಸವನ್ನು ಕೋನ ಗುರುತಿಸುವ ಕೆಲಸವಾಗಿ ಬದಲಿಸಿದ್ದರಿಂದ ಮಸುಕು ನೋಟಕ್ಕೂ ಅದು ದಕ್ಕಿತು. ಇದರ ಮುಂದಿನ ಹೆಜ್ಜೆಯೇ ಸ್ಟೀರಿಂಗಿನ ಮೇಲಂಚಿನಲ್ಲಿ ಸಾಲಾಗಿ ಹೊತ್ತಿಕೊಳ್ಳುವ ಎಲ್‌ಇಡಿ ದೀಪಗಳು. ರೇಸಿಂಗ್‌ನಿಂದ ಬಂದ ಈ ದೀಪಗಳನ್ನು ಫೆರಾರಿ ತನ್ನ ರಸ್ತೆ ಕಾರುಗಳ ಸ್ಟೀರಿಂಗಿಗೂ ತಂದಿತು. ಅಂಚಿನ ನೋಟಕ್ಕೆ ಮಿನುಗು ಮೊದಲು ತಾಕುತ್ತದೆ ಎಂಬ ಜೀವವಿಜ್ಞಾನವನ್ನು ಇವು ನೇರವಾಗಿ ಬಳಸಿಕೊಳ್ಳುತ್ತವೆ. ಕಣ್ಣು ತಿರುವಿನ ಮೇಲಿರುವಾಗಲೇ ಸುದ್ದಿ ಮುಟ್ಟುತ್ತದೆ. ಮುಳ್ಳಿಗೂ ಒಂದು ಮಿತಿಯಿದೆ. ಲೆಕ್ಸಸ್ ಎಲ್‌ಎಫ್‌ಎ ಕಾರಿನ ವಿ10 ಎಂಜಿನ್ ಐಡಲ್ ಸ್ಥಿತಿಯಿಂದ 9,000 ಆರ್‌ಪಿಎಂಗೆ 0.6 ಸೆಕೆಂಡಿನಲ್ಲಿ ಏರುತ್ತದೆ, ತೂಕವಿರುವ ನಿಜವಾದ ಮುಳ್ಳು ಅಷ್ಟು ಚುರುಕಾಗಿ ಹಿಂಬಾಲಿಸಲಾರದೆಂದು ಪರದೆಯ ಮೇಲೆ ಚಿತ್ರಿತ ಮುಳ್ಳನ್ನು ಇಟ್ಟೆವು ಎಂದು ಕಂಪನಿ ಹೇಳಿತು. ಪರದೆಗೆ ನಾನು ಮುಂದೆ ಮಾಡಲಿರುವ ಆಕ್ಷೇಪಣೆಗಳ ನಡುವೆ ಈ ಉದಾಹರಣೆಯನ್ನು ಮರೆಯಬಾರದು: ಪರದೆ ಇಲ್ಲಿ ತನ್ನ ಜಾಗ ದುಡಿದು ಪಡೆದಿದೆ.

ಆದರೆ ಈ ಕಲೆಯ ಅತ್ಯುತ್ತಮ ಮಾದರಿ ಯಾವುದು ಎಂದು ಕೇಳಿದರೆ ನಾನು ಬಿಎಂಡಬ್ಲ್ಯು 1998ರ ಎಂ5 ಕಾರಿನಲ್ಲಿ ತಂದ, ಆಮೇಲೆ ಎಂ3ಗೂ ಬಂದ ಟ್ಯಾಕೋಮೀಟರನ್ನು ತೋರಿಸುತ್ತೇನೆ. ಎಂಜಿನ್ ಆಯಿಲ್ ತಣ್ಣಗಿರುವಾಗ ಮಂದವಾಗಿರುತ್ತದೆ, ಬೇರಿಂಗುಗಳಿಗೆ ಸರಿಯಾಗಿ ಹರಿಯುವುದಿಲ್ಲ, ಆಗ ಎಂಜಿನ್ನನ್ನು ಜೋರಾಗಿ ತಿರುಗಿಸಬಾರದು. ಸಾಮಾನ್ಯ ಕಾರು ಇದಕ್ಕೊಂದು ಉಷ್ಣತೆಯ ಮೀಟರ್ ಕೊಟ್ಟು ಸುಮ್ಮನಾಗುತ್ತದೆ. ಆಯಿಲ್ 60 ಡಿಗ್ರಿ ಇದೆ ಎಂದು ಓದಿದ ಚಾಲಕ ಏನು ಮಾಡಬೇಕು? ಆ ಡಿಗ್ರಿಗೆ ಎಷ್ಟು ಆರ್‌ಪಿಎಂ ಸಲ್ಲುತ್ತದೆ ಎಂಬ ಕೋಷ್ಟಕ ಅವನ ತಲೆಯಲ್ಲಿರಬೇಕು. ಬಿಎಂಡಬ್ಲ್ಯು ಎಂಜಿನಿಯರುಗಳು ಟ್ಯಾಕೋಮೀಟರಿನ ಅಂಚಿಗೇ ದೀಪಗಳ ಸಾಲು ಇಟ್ಟರು. ಎಂಜಿನ್ ತಣ್ಣಗಿದ್ದಾಗ ಎಚ್ಚರಿಕೆಯ ದೀಪಗಳು ಬಹಳ ಕೆಳಗಿನಿಂದಲೇ ಹೊತ್ತಿರುತ್ತವೆ. ಆಯಿಲ್ ಬಿಸಿಯಾದಂತೆ ಒಂದೊಂದೇ ಆರಿ, ಮುಳ್ಳು ಓಡಾಡಬಹುದಾದ ಬಯಲು ದೊಡ್ಡದಾಗುತ್ತ ಹೋಗುತ್ತದೆ. ಉಷ್ಣತೆ ಎಂಬ ಅಂಕಿಯನ್ನು ಅವರು ಅನುಮತಿ ಎಂಬ ಸ್ಥಳವಾಗಿ ಬದಲಿಸಿದರು. ಲೆಕ್ಕ ಯಂತ್ರದ್ದು, ತೀರ್ಮಾನ ಚಾಲಕನದು.

ಕಣ್ಣಿನ ಹೊರೆ ಇಳಿಸಲು ಇನ್ನೊಂದು ದಾರಿ ಕೈ. ಇದರ ಪಾಠ ಬಂದದ್ದು ಯುದ್ಧವಿಮಾನಗಳಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರುಗಳು ನೆಲಕ್ಕಿಳಿದ ಮೇಲೆ, ಅಪಾಯವೆಲ್ಲ ಕಳೆದ ಮೇಲೆ, ಅನುಭವಿ ಪೈಲಟ್‌ಗಳ ಕೈಯಲ್ಲೇ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಅವರು ಚಕ್ರಗಳನ್ನು ಮಡಚಿಬಿಡುತ್ತಿದ್ದರು. 1943ರ ಸುಮಾರಿಗೆ ಇದನ್ನು ಪರಿಶೀಲಿಸಿದ ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್‌ಗೆ ಪೈಲಟ್‌ಗಳಲ್ಲಿ ದೋಷ ಕಾಣಲಿಲ್ಲ. ಎರಡು ಕೆಲಸಕ್ಕೂ ಅಕ್ಕಪಕ್ಕದಲ್ಲಿ ಒಂದೇ ರೂಪದ ಸ್ವಿಚ್ಚುಗಳಿದ್ದವು. ಚಕ್ರದ ಹಿಡಿಕೆಗೆ ಪುಟ್ಟ ರಬ್ಬರ್ ಗಾಲಿಯನ್ನೂ ಫ್ಲ್ಯಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಅವನು ಅಂಟಿಸಿದ. ಬೆರಳಿಗೇ ವ್ಯತ್ಯಾಸ ತಿಳಿಯಿತು, ತಪ್ಪು ನಿಂತಿತು. ವಿಮಾನಗಳ ಹಿಡಿಕೆಗಳಲ್ಲಿ ಈ ಆಕಾರಭೇದ ಇಂದಿಗೂ ಉಳಿದಿದೆ. ಕಾರುಗಳಲ್ಲಿ ಇದಕ್ಕೆ ಸಮನಾದ ದೊಡ್ಡ ಜಿಗಿತ ಎಂದರೆ 1989ರ ಫೆರಾರಿ 640 ಫಾರ್ಮುಲಾ ಒನ್ ಕಾರು. ವಿನ್ಯಾಸಕಾರ ಜಾನ್ ಬರ್ನಾರ್ಡ್ ಗೇರ್ ಲಿವರನ್ನೇ ತೆಗೆದು ಸ್ಟೀರಿಂಗಿನ ಹಿಂದೆ ಎರಡು ಪ್ಯಾಡಲ್ ಇಟ್ಟ: ಬಲ ಬೆರಳಿಗೆ ಮೇಲಿನ ಗೇರು, ಎಡ ಬೆರಳಿಗೆ ಕೆಳಗಿನದು. ಲಿವರಿನ ಜೋಡಣೆ ಹೋದದ್ದರಿಂದ ಕಾರನ್ನು ಇನ್ನಷ್ಟು ಸಪೂರ ಮಾಡಲೂ ಸಾಧ್ಯವಾಯಿತು. ಬ್ರೆಜಿಲ್‌ನಲ್ಲಿ ತನ್ನ ಮೊದಲ ರೇಸಿನಲ್ಲೇ ನೈಜೆಲ್ ಮ್ಯಾನ್ಸೆಲ್ ಕೈಯಲ್ಲಿ ಅದು ಗೆದ್ದಿತು. 1997ರಲ್ಲಿ ಫೆರಾರಿ ಎಫ್355ರ ಮೂಲಕ ಪ್ಯಾಡಲ್ ರಸ್ತೆಗಿಳಿಯಿತು. ಎರಡು ಕೈಯೂ ಸ್ಟೀರಿಂಗ್ ಬಿಡಬೇಕಿಲ್ಲ, ಕಣ್ಣು ರಸ್ತೆ ಬಿಡಬೇಕಿಲ್ಲ.

2004ರಲ್ಲಿ ಬಂದ ಫೆರಾರಿ ಎಫ್430 ಇದೇ ತರ್ಕವನ್ನು ಇಡೀ ಕಾರಿನ ಸ್ವಭಾವಕ್ಕೆ ವಿಸ್ತರಿಸಿತು. ಸ್ಟೀರಿಂಗಿನ ಮೇಲೆ, ಹೆಬ್ಬೆರಳಿಗೆ ಸಿಗುವಂತೆ, ಕೆಂಪು ಬಣ್ಣದ ಒಂದು ಪುಟ್ಟ ತಿರುಗುವ ಸ್ವಿಚ್ಚು. ಅದರ ಹೆಸರು ಮ್ಯಾನೆಟ್ಟಿನೋ. ಐದು ಸ್ಥಾನಗಳು: ಮಂಜುಗಡ್ಡೆಯ ರಸ್ತೆಯಿಂದ ಹಿಡಿದು ಕಡಿಮೆ ಹಿಡಿತ, ಸ್ಪೋರ್ಟ್, ರೇಸ್, ಕೊನೆಗೆ ನಿಯಂತ್ರಣ ವ್ಯವಸ್ಥೆ ಬಂದ್. ಇಂಥ ಸ್ವಿಚ್ಚನ್ನು ಸ್ಪೋರ್ಟ್‌ಗೆ ತಿರುಗಿಸಿದರೆ ಕಾರಿಗೆ ಹೆಚ್ಚು ಶಕ್ತಿ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯವಾಗಿ ಅದು ನಿಜವಲ್ಲ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲಿನ ಕೋನವನ್ನು ಸೆನ್ಸರ್ ಓದುತ್ತದೆ, ಆ ಕೋನಕ್ಕೆ ಎಷ್ಟು ತಿರುಚುಬಲ ಎಂಬುದನ್ನು ಕಂಪ್ಯೂಟರ್ ಒಂದು ನಕ್ಷೆ ನೋಡಿ ತೀರ್ಮಾನಿಸುತ್ತದೆ. ಸ್ಪೋರ್ಟ್ ನಕ್ಷೆಯಲ್ಲಿ ಸ್ವಲ್ಪ ಒತ್ತಿದ್ದಕ್ಕೇ ಹೆಚ್ಚು ಸಿಗುತ್ತದೆ. ಪೂರ್ತಿ ಒತ್ತಿದಾಗ ಸಿಗುವುದು ಮೊದಲಿನಷ್ಟೇ. ಬದಲಾದದ್ದು ಪಾದದ ಸೂಕ್ಷ್ಮತೆ. ಕೆಲವು ಸಲ ಮೋಡ್ ಶಕ್ತಿಯನ್ನು ಬದಲಿಸುವುದುಂಟು, ಆದರೆ ಅದು ಕಳೆಯುವ ಲೆಕ್ಕ: ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕಿಗೆ 2020ರಲ್ಲಿ ನಾಲ್ಕು ಮೋಡ್‌ಗಳು ಬಂದಾಗ ಸ್ಪೋರ್ಟ್ ಮತ್ತು ಟ್ರ್ಯಾಕ್‌ನಲ್ಲಿ 34 ಅಶ್ವಶಕ್ತಿಯಿದ್ದರೆ ಮಳೆ ಮತ್ತು ನಗರದ ಮೋಡ್‌ನಲ್ಲಿ ಅದನ್ನು 25.8ಕ್ಕೆ ಇಳಿಸಲಾಗಿತ್ತು.

ಮ್ಯಾನೆಟ್ಟಿನೋದ ನಿಜವಾದ ಹಿಡಿತವಿರುವುದು ಸ್ಥಿರತಾ ನಿಯಂತ್ರಣದ ಮೇಲೆ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂಬುದರಿಂದ ಚಾಲಕನ ಇಚ್ಛೆ ತಿಳಿಯುತ್ತದೆ. ಕಾರು ತನ್ನ ಅಕ್ಷದ ಸುತ್ತ ಎಷ್ಟು ಬೇಗ ಹೊರಳುತ್ತಿದೆ ಎಂದು ಅಳೆಯುವ ಸೆನ್ಸರಿನಿಂದ ಆಗುತ್ತಿರುವುದೇನು ಎಂದು ತಿಳಿಯುತ್ತದೆ. ಎರಡರ ನಡುವೆ ಅಂತರ ಬಂದರೆ ಕಂಪ್ಯೂಟರ್ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಕಾರು ತಿರುಗದೆ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರ, ಬಾಲ ಹೊರಗೆ ಜಾರುತ್ತಿದ್ದರೆ ಹೊರಬದಿಯ ಮುಂದಿನ ಚಕ್ರ. ಬಾಷ್ ಮತ್ತು ಮರ್ಸಿಡಿಸ್-ಬೆಂಜ್ ಸೇರಿ 1995ರಲ್ಲಿ ಇದನ್ನು ಮಾರುಕಟ್ಟೆಗೆ ತಂದವು. ಎರಡು ವರ್ಷದ ನಂತರ ಅದೇ ಮರ್ಸಿಡಿಸ್‌ನ ಪುಟ್ಟ ಎ-ಕ್ಲಾಸ್ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಮಗುಚಿ, ಆ ಮಾದರಿಯ ಎಲ್ಲ ಕಾರುಗಳಿಗೂ ಇದನ್ನು ಹಾಕಬೇಕಾಗಿ ಬಂತು. ಸ್ವಿಚ್ಚು ತಿರುಗಿಸಿದಾಗ ಬದಲಾಗುವುದು ಯಂತ್ರ ಎಷ್ಟು ಅಂತರವನ್ನು ಸಹಿಸಿಕೊಂಡು ಸುಮ್ಮನಿರಬೇಕು ಎಂಬ ಮಿತಿ. ಒಣ ಡಾಂಬರಿನ ಮೇಲೆ ಟೈರು ತನ್ನ ಗರಿಷ್ಠ ಹಿಡಿತ ಕೊಡುವುದು ಸುಮಾರು ಶೇಕಡ 10ರಿಂದ 20ರಷ್ಟು ಜಾರುತ್ತಿರುವಾಗ, ಹಾಗಾಗಿ ರೇಸ್ ಸ್ಥಾನದಲ್ಲಿ ಒಂದಿಷ್ಟು ಜಾರಿಕೆಯನ್ನು ಬಿಟ್ಟುಕೊಡಲೇಬೇಕು. ಕಡಿಮೆ ಹಿಡಿತದ ಸ್ಥಾನದಲ್ಲಿ ಅದೇ ಜಾರಿಕೆ ಗುಂಡಿಗೆ ಬೀಳುವ ಮೊದಲ ಹೆಜ್ಜೆ.

ನುರಿತ ಚಾಲಕನಿಗೆ ಇದೆಲ್ಲ ಅಡ್ಡಿ, ಎಲ್ಲವನ್ನೂ ಆರಿಸಿ ಓಡಿಸುವವನೇ ನಿಜವಾದ ಚಾಲಕ ಎಂಬ ಮಾತನ್ನು ಸ್ಪೋರ್ಟ್ಸ್ ಕಾರು ಪ್ರಿಯರು ಹೆಮ್ಮೆಯಿಂದ ಆಡುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಮೊದಮೊದಲ ವ್ಯವಸ್ಥೆಗಳು ಒರಟಾಗಿದ್ದವು, ಅನಗತ್ಯವಾಗಿ ಶಕ್ತಿ ಕಡಿಯುತ್ತಿದ್ದವು. ಆದರೆ ಮನುಷ್ಯನ ಕಾಲಿಗೆ ಇರುವುದು ಒಂದು ಬ್ರೇಕ್ ಪೆಡಲ್. ಎಷ್ಟೇ ಪ್ರತಿಭೆಯಿದ್ದರೂ ಅದರಿಂದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಲಾಗದು. ಕಂಡದ್ದಕ್ಕೆ ಸ್ಪಂದಿಸಲು ನಮ್ಮ ನರಮಂಡಲಕ್ಕೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಕಂಪ್ಯೂಟರ್ ಅಷ್ಟರಲ್ಲಿ ಹಲವು ಸಲ ಅಳೆದು ತಿದ್ದಿರುತ್ತದೆ. ಇದು ಕೌಶಲದ ಸ್ಪರ್ಧೆಯೇ ಅಲ್ಲ. ನಿಂತಲ್ಲಿಂದ ಕಾರನ್ನು ಆದಷ್ಟು ಬೇಗ ಚಿಮ್ಮಿಸುವ ಲಾಂಚ್ ಕಂಟ್ರೋಲ್‌ನಲ್ಲಂತೂ ಚಾಲಕನಿಗೆ ಉಳಿಯುವ ಕೆಲಸ ಬ್ರೇಕಿನಿಂದ ಕಾಲು ತೆಗೆಯುವುದೊಂದೇ.

ಮೋಡ್‌ಗಳ ವಿಷಯದಲ್ಲಿ ನನಗೆ ಹೆಚ್ಚು ಗಂಭೀರವಾಗಿ ಕಾಣುವ ಆಕ್ಷೇಪಣೆ ಬೇರೆಯದು: ಯಂತ್ರ ಈಗ ಯಾವ ಮೋಡ್‌ನಲ್ಲಿದೆ ಎಂಬುದನ್ನು ಮನುಷ್ಯ ಮರೆಯುತ್ತಾನೆ. 1992ರ ಜನವರಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಏರ್ ಇಂಟರ್ ಕಂಪನಿಯ ಏರ್‌ಬಸ್ ಎ320 ವಿಮಾನ ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಇಳಿಯುವ ಕೋನವನ್ನೂ ಇಳಿಯುವ ವೇಗವನ್ನೂ ಅದರಲ್ಲಿ ಒಂದೇ ಗುಂಡಿಯಿಂದ, ಒಂದೇ ಕಿಟಕಿಯಲ್ಲಿ ನಮೂದಿಸಬೇಕಿತ್ತು. ಪೈಲಟ್‌ಗಳು 3.3 ಡಿಗ್ರಿ ಎಂದುಕೊಂಡು ಕೊಟ್ಟದ್ದನ್ನು ಯಂತ್ರ ನಿಮಿಷಕ್ಕೆ 3,300 ಅಡಿ ಎಂದು ಅರ್ಥ ಮಾಡಿಕೊಂಡಿರುವ ಸಾಧ್ಯತೆಯೇ ಹೆಚ್ಚು ಎಂದು ಎಣಿಸಲಾಯಿತು. ಎರಡಕ್ಕೂ ಮಧ್ಯೆ ಪರದೆಯ ಮೇಲಿದ್ದ ವ್ಯತ್ಯಾಸ ಒಂದು ಚುಕ್ಕೆ. ಆಮೇಲೆ ಏರ್‌ಬಸ್ ಆ ಅಂಕಿ ತೋರಿಸುವ ರೀತಿಯನ್ನೇ ಬದಲಿಸಿತು. ಮ್ಯಾನೆಟ್ಟಿನೋ ಈ ಕುಣಿಕೆಯಿಂದ ತಪ್ಪಿಸಿಕೊಂಡಿರುವುದು ಅದೊಂದು ನಿಜವಾದ ವಸ್ತುವಾಗಿರುವುದರಿಂದ. ಯಾವ ಸ್ಥಾನಕ್ಕೆ ತಿರುಗಿಸಿದ್ದೆನೋ ಅಲ್ಲೇ ನಿಂತಿರುತ್ತದೆ, ಹೆಬ್ಬೆರಳು ಸವರಿದರೆ ಉತ್ತರ ಸಿಗುತ್ತದೆ. ಎಂಜಿನ್ನಿಗೊಂದು, ಗೇರಿಗೊಂದು, ಸ್ಟೀರಿಂಗಿಗೊಂದು, ಶಾಕ್ ಅಬ್ಸಾರ್ಬರಿಗೊಂದು ಎಂದು ಪರದೆಯ ಮೆನುಗಳಲ್ಲಿ ಬೇರೆಬೇರೆ ಹೊಂದಿಸಬಹುದಾದ ಕಾರುಗಳಿಗೆ ಈ ಗುಣವಿಲ್ಲ. ನಾಲ್ಕು ವಿಷಯಕ್ಕೆ ಮೂರುಮೂರು ಆಯ್ಕೆ ಎಂದರೂ 81 ಬಗೆಯ ಕಾರುಗಳಾದವು, ಯಾವುದರಲ್ಲಿ ಕೂತಿದ್ದೇವೆ ಎಂದು ನೆನಪಿಟ್ಟುಕೊಳ್ಳುವವರು ಯಾರು? ಎಲ್ಲ ಸೇರಿಸಿ ಒಂದೇ ಸ್ವಿಚ್ಚಿಗೆ ಕಟ್ಟುವುದರಲ್ಲೂ ಒಂದು ತೊಡಕಿದೆ ಎಂಬುದನ್ನು ಒಪ್ಪಬೇಕು. ಗಟ್ಟಿಯಾದ ಶಾಕ್ ಅಬ್ಸಾರ್ಬರ್ ನುಣುಪಾದ ಟ್ರ್ಯಾಕಿನಲ್ಲಿ ಮಾತ್ರ ಲಾಭ. ಉಬ್ಬುತಗ್ಗಿನ ಘಾಟಿಯಲ್ಲಿ ಅದು ಟೈರನ್ನು ನೆಲದಿಂದ ಎಗರಿಸುತ್ತದೆ, ಗಾಳಿಯಲ್ಲಿರುವ ಟೈರಿಗೆ ಹಿಡಿತವಿಲ್ಲ. ಆದ್ದರಿಂದ ಫೆರಾರಿ 458ರ ಸ್ಟೀರಿಂಗಿನಲ್ಲಿ ಶಾಕ್ ಅಬ್ಸಾರ್ಬರನ್ನಷ್ಟೇ ಮೆತ್ತಗೆ ಮಾಡುವ ಪ್ರತ್ಯೇಕ ಗುಂಡಿಯಿದೆ. ಅದರ ಎಣ್ಣೆಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿದ್ದು, ಸುರುಳಿಯಲ್ಲಿ ವಿದ್ಯುತ್ ಹರಿಸಿದಾಗ ಅವು ಸರಪಳಿಗಟ್ಟಿ ಎಣ್ಣೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮಂದವಾಗುತ್ತದೆ. ಇಷ್ಟು ನಾಜೂಕಿನ ಭೌತವಿಜ್ಞಾನಕ್ಕೆ ಚಾಲಕ ತೆರಬೇಕಾದ ಬೆಲೆ ಒಂದು ಒತ್ತು.

ಇಂಥ ಪರಂಪರೆಯ ಫೆರಾರಿಯೇ 2019ರ ಎಸ್‌ಎಫ್90ರಿಂದ ಸ್ಟೀರಿಂಗಿನ ಬಹುಪಾಲು ಗುಂಡಿಗಳನ್ನು ಕಿತ್ತು ಮುಟ್ಟಿದರೆ ಸ್ಪಂದಿಸುವ ನುಣುಪು ಫಲಕಗಳನ್ನು ಇಟ್ಟಿತು. ಎಂಜಿನ್ ಸ್ಟಾರ್ಟ್ ಮಾಡುವ ಗುಂಡಿ ಕೂಡ ಮುಟ್ಟುವ ಚುಕ್ಕೆಯಾಯಿತು. ಸಾಮಾನ್ಯ ಕಾರುಗಳು ಆಗಲೇ ಆ ದಾರಿ ಹಿಡಿದಿದ್ದವು. ಫಲವೇನು ಎಂಬುದಕ್ಕೆ 2022ರಲ್ಲಿ ಸ್ವೀಡನ್ನಿನ ವಿ ಬಿಲೇಗಾರೆ ಪತ್ರಿಕೆ ನಡೆಸಿದ ಪರೀಕ್ಷೆ ಸಾಕ್ಷಿ. ಹನ್ನೊಂದು ಹೊಸ ಕಾರುಗಳು, ಜೊತೆಗೆ ಗುಂಡಿಗಳೇ ತುಂಬಿದ್ದ 2005ರ ಒಂದು ಹಳೆಯ ವೋಲ್ವೋ ವಿ70. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಸೀಟು ಬಿಸಿ ಮಾಡುವುದು, ರೇಡಿಯೋ ಕೇಂದ್ರ ಬದಲಿಸುವುದು ಮುಂತಾದ ನಾಲ್ಕು ಚಿಲ್ಲರೆ ಕೆಲಸ. ಹಳೆಯ ವೋಲ್ವೋದಲ್ಲಿ ಅವು ಹತ್ತು ಸೆಕೆಂಡಿನಲ್ಲಿ, 306 ಮೀಟರ್ ಸಾಗುವಷ್ಟರಲ್ಲಿ ಮುಗಿದವು. ಬಿಎಂಡಬ್ಲ್ಯು ಐಎಕ್ಸ್‌ನಲ್ಲಿ 30.4 ಸೆಕೆಂಡ್, 928 ಮೀಟರ್. ಎಲ್ಲಕ್ಕಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್‌ನಲ್ಲಿ 44.9 ಸೆಕೆಂಡ್; ಅಷ್ಟರಲ್ಲಿ ಕಾರು 1,372 ಮೀಟರ್ ದಾಟಿತ್ತು.

ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ ಎಂದು ಪರದೆಯ ಪರವಾಗಿ ಮೊದಲು ಹೇಳುತ್ತಾರೆ. ಆ ಸ್ವೀಡಿಷ್ ಚಾಲಕರಿಗೆ ಮೊದಲೇ ಕಾರುಗಳ ಪರಿಚಯ ಮಾಡಿಕೊಳ್ಳಲು ಸಮಯ ಕೊಟ್ಟಿದ್ದರು. ಅದಕ್ಕಿಂತ ಮುಖ್ಯವಾಗಿ, ಕೈಗೆ ಅಭ್ಯಾಸ ಕೂರಬೇಕಾದರೆ ಜಾಗ ಗಟ್ಟಿಯಾಗಿರಬೇಕು, ಮುಟ್ಟಿದ್ದು ಗೊತ್ತಾಗಬೇಕು, ಒತ್ತಿದ್ದಕ್ಕೆ ಟಕ್ ಎಂದು ಉತ್ತರ ಬರಬೇಕು. ಗಾಜು ಇವುಗಳಲ್ಲಿ ಒಂದನ್ನೂ ಕೊಡದು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮಾರನೆಯ ದಿನ ಗುಂಡಿಯೇ ಬೇರೆಡೆಗೆ ವಲಸೆ ಹೋಗಿರುತ್ತದೆ. ಬಾಯಲ್ಲಿ ಹೇಳಿದರಾಯಿತಲ್ಲ ಎಂಬ ಇನ್ನೊಂದು ಉತ್ತರ ಹೆಚ್ಚು ಆಕರ್ಷಕ. ಆದರೆ ಅಮೆರಿಕದ ಎಎಎ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದವರು 2015ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಧ್ವನಿ ಆದೇಶ ಕೊಟ್ಟು ಮುಗಿಸಿದ ಮೇಲೂ ಮನಸ್ಸಿನ ಗೊಂದಲ 27 ಸೆಕೆಂಡ್‌ವರೆಗೆ ಉಳಿಯಬಲ್ಲದೆಂದು ಕಂಡಿತು. ಕಣ್ಣು ರಸ್ತೆಯ ಮೇಲಿದ್ದ ಮಾತ್ರಕ್ಕೆ ಗಮನವೂ ಅಲ್ಲಿದೆ ಎನ್ನಲಾಗದು. ಮೂರನೆಯದು ನಿಸ್ಸಾನ್ ಜಿಟಿ-ಆರ್ ಉದಾಹರಣೆ: 2007ರ ಆ ಕಾರಿನ ನಡುಪರದೆಯನ್ನು ಗ್ರ್ಯಾನ್ ಟುರಿಸ್ಮೋ ಎಂಬ ವಿಡಿಯೋ ಗೇಮ್ ರೂಪಿಸಿದ ಪಾಲಿಫನಿ ಡಿಜಿಟಲ್ ತಂಡವೇ ವಿನ್ಯಾಸ ಮಾಡಿತ್ತು, ಟರ್ಬೊ ಒತ್ತಡ, ಆಯಿಲ್ ಉಷ್ಣತೆ, ತಿರುವಿನ ಬಲ ಎಲ್ಲವೂ ಅದರಲ್ಲಿ ಬರುತ್ತಿದ್ದವು, ಜನ ಮೆಚ್ಚಿದರು. ಮೆಚ್ಚತಕ್ಕದ್ದೇ. ಆದರೆ ಅದು ಸುತ್ತು ಮುಗಿಸಿ ನಿಂತ ಮೇಲೆ ವಿಶ್ಲೇಷಿಸುವ ಸಾಮಗ್ರಿ. ಓಡುವಾಗ ಬೇಕಾಗುವ ಗೇರು, ಸಸ್ಪೆನ್ಷನ್, ಸ್ಥಿರತೆಯ ಆಯ್ಕೆಗಳಿಗೆ ಅದೇ ಕಾರಿನಲ್ಲಿ ಬೆರಳಿಗೆ ಸಿಗುವ ಮೂರು ಗಟ್ಟಿ ಸ್ವಿಚ್ಚುಗಳಿದ್ದವು ಎಂಬುದನ್ನು ಈ ಉದಾಹರಣೆ ಕೊಡುವವರು ಮರೆಯುತ್ತಾರೆ.

ಪರದೆಗಳ ಹಿಂದೆ ಸೌಂದರ್ಯಪ್ರಜ್ಞೆಗಿಂತ ಖರ್ಚಿನ ಲೆಕ್ಕವೇ ಹೆಚ್ಚು ಎಂಬುದು ನನ್ನ ಅನುಮಾನ. ಪ್ರತಿ ಗುಂಡಿಗೂ ಅಚ್ಚು, ವೈರು, ಪರೀಕ್ಷೆ ಬೇಕು, ಪರದೆಗೆ ಒಂದು ಸಾಲು ಪ್ರೋಗ್ರಾಂ ಸಾಕು. ಏನೇ ಇರಲಿ, ಗಾಳಿ ಈಗ ತಿರುಗಿದೆ. 2017ರಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲದ ಹಡಗಿಗೆ ಡಿಕ್ಕಿ ಹೊಡೆದು ಹತ್ತು ನಾವಿಕರು ಸತ್ತ ಪ್ರಕರಣದಲ್ಲಿ ಟಚ್‌ಸ್ಕ್ರೀನಿನ ಗೊಂದಲದ ಪಾಲು ಬಯಲಾದ ಮೇಲೆ ಅಲ್ಲಿನ ನೌಕಾಪಡೆ ವೇಗ ನಿಯಂತ್ರಣಕ್ಕೆ ಮತ್ತೆ ಕೈಹಿಡಿಕೆಗಳನ್ನು ತರಲು ನಿರ್ಧರಿಸಿತು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯಸೂಚಕ ದೀಪ ಮತ್ತು ತುರ್ತು ಕರೆಗೆ ಬೇರೆಯಾದ, ಕೈಗೆ ಸಿಗುವ ಸಾಧನಗಳಿದ್ದರೆ ಮಾತ್ರ ಪೂರ್ಣ ಅಂಕ ಎಂದಿತು. ಫೆರಾರಿ 2025ರ ಅಮಾಲ್ಫಿಯಲ್ಲಿ ಸ್ಟೀರಿಂಗಿಗೆ ಗುಂಡಿಗಳನ್ನು ವಾಪಸ್ ತಂದಿತು, ಅಲ್ಯೂಮಿನಿಯಂನ ಸ್ಟಾರ್ಟ್ ಗುಂಡಿ ಸಮೇತ. ಸ್ವಾರಸ್ಯವೆಂದರೆ ಪೋರ್ಶೆ ಅದೇ ಹೊತ್ತಿನಲ್ಲಿ ವಿರುದ್ಧ ದಿಕ್ಕಿಗೆ ಹೊರಟಿತು. 2024ರಲ್ಲಿ ಪರಿಷ್ಕರಿಸಿದ 911ರಲ್ಲಿ ಮುಳ್ಳಿನ ಟ್ಯಾಕೋಮೀಟರ್ ಹೋಗಿ 12.6 ಇಂಚಿನ ಪರದೆ ಬಂತು. ಇದನ್ನು ಪತನವೆಂದು ಕರೆಯಲು ನಾನು ಸಿದ್ಧನಿಲ್ಲ. ನೋಡಲು ಮಾತ್ರ ಇರುವ ಪರದೆ ಬೇರೆ, ಮುಟ್ಟಿ ಹುಡುಕಬೇಕಾದ ಪರದೆ ಬೇರೆ.

ವಿದ್ಯುತ್ ಕಾರುಗಳಲ್ಲಿ ಈ ಸಮಸ್ಯೆಗೆ ಹೊಸ ಮುಖ ಬಂದಿದೆ. ಮೋಟರಿಗೆ ಗೇರು ಬದಲಿಸುವ ಹಂಗಿಲ್ಲ, ಆರ್ಭಟವಿಲ್ಲ; ಅಂದರೆ ಕಿವಿ ಕೆಲಸ ಕಳೆದುಕೊಂಡಿತು, ಅದರ ಹೊರೆಯೂ ಕಣ್ಣಿಗೇ ಬಿತ್ತು. ಹುಂಡೈ 2023ರಲ್ಲಿ ತಂದ ಐಯಾನಿಕ್ 5 ಎನ್ ಕಾರಿನಲ್ಲಿ ಇಲ್ಲದ ಗೇರುಗಳನ್ನು ನಟಿಸುವ ವ್ಯವಸ್ಥೆಯಿದೆ: ಪ್ಯಾಡಲ್ ಒತ್ತಿದರೆ ಮೋಟರ್ ಒಂದು ಕ್ಷಣ ಬಲ ತಗ್ಗಿಸಿ ಜಗ್ಗುತ್ತದೆ, ಸ್ಪೀಕರಿನಿಂದ ಎಂಜಿನ್ ಸದ್ದು ಏರಿಳಿಯುತ್ತದೆ, ಪರದೆಯಲ್ಲಿ ಕಲ್ಪಿತ ಆರ್‌ಪಿಎಂ ಓಡುತ್ತದೆ. ಶುದ್ಧ ನಾಟಕ ಎಂದು ಹಲವರು ಮೂಗು ಮುರಿದರು. ನಾನು ಇದನ್ನು ಅಷ್ಟು ಹಗುರವಾಗಿ ಕಾಣಲಾರೆ, ಏಕೆಂದರೆ ಸದ್ದಿನ ಏರಿಳಿತದಿಂದ ಚಾಲಕನಿಗೆ ತಿರುವಿನ ವೇಗ ಕಣ್ಣು ಕದಲಿಸದೆ ತಿಳಿಯುತ್ತದೆ. ಆದರೂ ಇದು ಹಳೆಯ ಕಾರಿನ ಉತ್ತರವನ್ನು ಹೊಸ ಕಾರಿಗೆ ತೊಡಿಸಿದ್ದು. ವಿದ್ಯುತ್ ಸ್ಪೋರ್ಟ್ಸ್ ಕಾರಿನ ಕೆಂಪು ಗೆರೆ ಸುತ್ತುಗಳಲ್ಲಿಲ್ಲ, ಶಾಖದಲ್ಲಿದೆ; ಬ್ಯಾಟರಿ ಮತ್ತು ಮೋಟರ್ ಮಿತಿಮೀರಿ ಬಿಸಿಯಾದರೆ ಕಂಪ್ಯೂಟರ್ ಶಕ್ತಿ ತಗ್ಗಿಸುತ್ತದೆ, ಅದೂ ಟ್ರ್ಯಾಕಿನ ನಡುವೆ. ಬಹುತೇಕ ಕಾರುಗಳು ಅದನ್ನು ಡಿಗ್ರಿಗಳಲ್ಲಿ ತೋರಿಸಿ ಸುಮ್ಮನಾಗುತ್ತವೆ. ಇದೇ ಬಿರುಸಿನಲ್ಲಿ ಓಡಿಸಿದರೆ ಪೂರ್ಣ ಶಕ್ತಿ ಟ್ರ್ಯಾಕಿನ ಇನ್ನೆಷ್ಟು ಸುತ್ತಿಗೆ ಸಿಗುತ್ತದೆ ಎಂಬುದನ್ನು ಅಂಚಿನ ನೋಟಕ್ಕೆ ಎಟುಕುವಂತೆ, ಅಂಕಿಯಿಲ್ಲದೆ ಹೇಳುವ ಸಾಧನವನ್ನು ಮೊದಲು ಸರಿಯಾಗಿ ಮಾಡಿದ ಕಂಪನಿಗೆ ಹಳೆಯ ಎಂಜಿನ್ನಿನ ಸದ್ದನ್ನು ಸಾಲ ತರುವ ಅಗತ್ಯ ಬೀಳಲಾರದು.